ಸ್ತನ ಕ್ಯಾನ್ಸರ್: ಕೇಳಿದ ಮಾತೆಷ್ಟು, ಖರೆ ಎಷ್ಟು?

ರೋಣ, ನರಗುಂದ, ಗಜೇಂದ್ರಗಡದ ಕಡೆ ಎದೆಯಲ್ಲಿ ಗಂಟು ಕಂಡ ಹೆಣ್ಣುಮಗಳಿಗೆ ಡಾಕ್ಟರಿಗಿಂತ ಮೊದಲು ಸಲಹೆ ಕೊಡುವವರು ಓಣಿಯವರು, ಬೀಗರು. ಅವರ ಕಾಳಜಿ ಖರೆ, ಹೇಳುವುದೆಲ್ಲ ಖರೆಯಲ್ಲ.

ತಪ್ಪು ಕಲ್ಪನೆ: "ಗಂಟಿಗೆ ಸೂಜಿ ಚುಚ್ಚಿದ್ರ ರೋಗ ಮೈಯೆಲ್ಲ ಹರಡತೈತಿ."

ಸತ್ಯ: ಸೂಜಿಯಿಂದ ಗಂಟಿನ ಚೂರು ತೆಗೆದು ನೋಡುವ ಬಯಾಪ್ಸಿಯಿಂದ ರೋಗ ಮೈಯೆಲ್ಲ ಹರಡುವುದಿಲ್ಲ. ಗಂಟು ಕ್ಯಾನ್ಸರ್ ಹೌದೋ ಅಲ್ಲವೋ, ಹೌದಾದರೆ ಯಾವ ಬಗೆಯದು, ಯಾವ ಔಷಧಿ ನಾಟುತ್ತದೆ ಎಂಬುದು ತಿಳಿಯುವುದೇ ಆ ಪರೀಕ್ಷೆಯಿಂದ.

ತಪ್ಪು ಕಲ್ಪನೆ: "ಎದಿ ಪೂರಾ ತೆಗಿಸಿದ್ರಷ್ಟ ಜೀವ ಉಳೀತೈತಿ."

ಸತ್ಯ: ಆರಂಭದ ಹಂತದಲ್ಲಿ ಗಂಟನ್ನಷ್ಟೇ ತೆಗೆದು ರೇಡಿಯೋಥೆರಪಿ (ವಿಕಿರಣ ಚಿಕಿತ್ಸೆ) ಕೊಟ್ಟರೂ ಬದುಕುಳಿಯುವ ಅವಕಾಶ ಅಷ್ಟೇ ಇರುತ್ತದೆ. ಅಮೆರಿಕ ಮತ್ತು ಇಟಲಿಯ ವೈದ್ಯರು 20 ವರ್ಷ ರೋಗಿಗಳ ಬೆನ್ನುಹತ್ತಿ ನೋಡಿ 2002ರಲ್ಲಿ ಇದನ್ನು ಖಚಿತಪಡಿಸಿದರು. ಆದರೆ ರೇಡಿಯೋಥೆರಪಿ ಎಂದರೆ ಕೆಲವು ವಾರ, ವಾರಕ್ಕೆ ಐದು ದಿನ ಆಸ್ಪತ್ರೆಗೆ ಹೋಗಬೇಕು. ಗಜೇಂದ್ರಗಡದಿಂದ ಹುಬ್ಬಳ್ಳಿಗೆ ದಿನಾ ಓಡಾಡಲು ಆಗದು ಎಂದು ಒಬ್ಬಾಕೆ ಪೂರ್ತಿ ತೆಗೆಸಿಕೊಂಡರೆ ಅದೂ ತಪ್ಪಲ್ಲ. ಆದರೆ ಪೂರ್ತಿ ತೆಗೆಸಿದ ಮೇಲೂ ಕೆಲವರಿಗೆ ರೇಡಿಯೋಥೆರಪಿ ಬೇಕಾಗುತ್ತದೆ. ಅದನ್ನು ಮೊದಲೇ ಕೇಳಿಕೊಂಡು ತೀರ್ಮಾನಿಸಬೇಕು.

ತಪ್ಪು ಕಲ್ಪನೆ: "ಆಪರೇಷನ್ ಆದ ಕಡೀ ಕೈಲೆ ಏನೂ ಮಾಡಬಾರ್ದು."

ಸತ್ಯ: ಕೈ ಆಡಿಸದಿದ್ದರೆ ಭುಜ ಬಿಗಿಯುತ್ತದೆ. ಗೋಡೆಯ ಮೇಲೆ ಬೆರಳು ಏರಿಸುತ್ತ ಹೋಗುವಂಥ ವ್ಯಾಯಾಮವನ್ನು ಆಸ್ಪತ್ರೆಯಲ್ಲೇ ಕಲಿಸಿಕೊಡುತ್ತಾರೆ. ಗಾಯ ಮಾಯ್ದ ಮೇಲೆ ರೊಟ್ಟಿ ಬಡಿಯುವುದು, ಮಗ್ಗದ ಮುಂದೆ ಕೂಡುವುದು ಎಲ್ಲಕ್ಕೂ ಹಂತಹಂತವಾಗಿ ಮರಳಬಹುದು. ಕೈ ಬಾತರೆ, ಕೆಂಪಾಗಿ ಜ್ವರ ಬಂದರೆ ತಡಮಾಡದೆ ತೋರಿಸಿ.

ತಪ್ಪು ಕಲ್ಪನೆ: "ಮೈ ನೆಟ್ಟಗಾತು, ಇನ್ನ ಗುಳಿಗಿ ಯಾಕ?"

ಸತ್ಯ: ಹಾರ್ಮೋನ್ ಬಗೆಯ ಕ್ಯಾನ್ಸರಿಗೆ ಟಾಮಾಕ್ಸಿಫೆನ್‌ನಂಥ ಮಾತ್ರೆ ಕನಿಷ್ಠ 5 ವರ್ಷ ಬೇಕು. ಅದು ರೋಗ ಮರುಕಳಿಸದಂತೆ ಕಾಯುತ್ತದೆ. ಮೈ ಬಿಸಿಯೇರಿ ಬೆವರುವುದು, ಕೀಲುನೋವು ಕಾಡಿದರೆ ವೈದ್ಯರಿಗೆ ಹೇಳಿ, ನೀವಾಗಿ ನಿಲ್ಲಿಸಬೇಡಿ.

ತಪ್ಪು ಕಲ್ಪನೆ: "ಇದು ಅಂಟುರೋಗ. ಮಗಳಿಗೂ ಬಂದ ಬರತೈತಿ."

ಸತ್ಯ: ಕ್ಯಾನ್ಸರ್ ಅಂಟುವುದಿಲ್ಲ, ಬೇರೆ ತಾಟು, ಬೇರೆ ಹಾಸಿಗೆ ಬೇಡ. ನೂರರಲ್ಲಿ 5ರಿಂದ 10 ಪ್ರಕರಣಗಳು ಮಾತ್ರ ವಂಶವಾಹಿಯಿಂದ ಬರುವಂಥವು. ಮನೆತನದಲ್ಲಿ ಹಲವರಿಗೆ ಬಂದಿದ್ದರೆ ಮಗಳ ತಪಾಸಣೆಯ ಬಗ್ಗೆ ವೈದ್ಯರನ್ನು ಕೇಳಿ, ಮದುವೆ ಮಾತು ಮುರಿಯಬೇಡಿ.

ತಪ್ಪು ಕಲ್ಪನೆ: "ಹೊಲಾ ಮಾರಿ ಬೆಂಗಳೂರಿಗೇ ಹೋಗಬೇಕು."

ಸತ್ಯ: ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ, ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚೂ ಇಲ್ಲ.

ಡಾಕ್ಟರ ಹತ್ತಿರ ಹೋಗುವಾಗ ಅಕ್ಕನನ್ನೋ ಮಗಳನ್ನೋ ಕರೆದುಕೊಂಡು ಹೋಗಿ. ಯಾವ ಹಂತ? ಬೇರೆ ದಾರಿ ಉಂಟೇ? ಏನೇನು ತೊಂದರೆ ಆಗಬಹುದು? ಇವನ್ನು ಚೀಟಿಯಲ್ಲಿ ಬರೆದೊಯ್ದು ಕೇಳಿ. ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ಅವಮರ್ಯಾದೆಯಲ್ಲ, ನಿಮ್ಮ ಹಕ್ಕು.