ಮರಿಮೀನಿನ ದಾರಿ ತಪ್ಪಿಸುವ ಪ್ಲಾಸ್ಟಿಕ್ ಕಣ

ಮೊಟ್ಟೆಯೊಡೆದು ಹೊರಬಂದ ಮೀನುಮರಿಯ ಉದ್ದ ಕೆಲವೇ ಮಿಲಿಮೀಟರ್. ಮೊದಮೊದಲು ಹೊಟ್ಟೆಗೆ ಅಂಟಿಕೊಂಡ ಚೀಲದಲ್ಲಿರುವ ಆಹಾರವೇ ಅದಕ್ಕೆ ಆಧಾರ. ಅದು ಬರಿದಾದ ಮೇಲೆ ತಾನೇ ಬೇಟೆಯಾಡಬೇಕು. ಕಣ್ಣಿಗೆ ಬಿದ್ದದ್ದು ತಿನ್ನುವಂಥದ್ದೋ ಅಲ್ಲವೋ, ಹತ್ತಿರ ಬರುತ್ತಿರುವುದು ಶತ್ರುವೋ ಅಲ್ಲವೋ ಎಂದು ಕ್ಷಣಾರ್ಧದಲ್ಲಿ ತೀರ್ಮಾನಿಸಬೇಕು. ಬಹುಪಾಲು ಮರಿಗಳು ಈ ಹಂತ ದಾಟುವುದೇ ಇಲ್ಲ. ಹಾಗಾಗಿ ನಡವಳಿಕೆಯಲ್ಲಾಗುವ ಸಣ್ಣ ಏರುಪೇರೂ ಜೀವಕ್ಕೆ ಎರವಾಗಬಲ್ಲದು. ನೀರಿನಲ್ಲಿ ಬೆರೆತ ಪ್ಲಾಸ್ಟಿಕ್ ಕಣಗಳು ಅಂಥ ಏರುಪೇರು ತರುತ್ತವೆ ಎನ್ನುತ್ತವೆ ಹಲವು ಪ್ರಯೋಗಗಳು.

5 ಮಿಲಿಮೀಟರ್‌ಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರು ಮೈಕ್ರೊಪ್ಲಾಸ್ಟಿಕ್. ಮಿಲಿಮೀಟರ್‌ನ ಸಾವಿರದ ಒಂದು ಭಾಗಕ್ಕಿಂತಲೂ ಸಣ್ಣದಾದರೆ ಅದು ನ್ಯಾನೊಪ್ಲಾಸ್ಟಿಕ್. ಬಿಸಿಲಿಗೆ ಪುಡಿಯಾಗುವ ಚೀಲ, ಸವೆಯುವ ಟೈರು, ಹರಿದ ಬಲೆ, ಒಗೆಯುವಾಗ ಉದುರುವ ಪಾಲಿಯೆಸ್ಟರ್ ಎಳೆ ಇವೆಲ್ಲ ಅದರ ಮೂಲಗಳು. ಕಣಗಳು ಸಮುದ್ರ ಸೇರುವ ಮುಖ್ಯ ದಾರಿಗಳಲ್ಲಿ ನದಿಯೂ ಒಂದು. ಮಣಿಪಾಲದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನೇತ್ರಾವತಿಯ ಒಂದು ಘನ ಮೀಟರ್ ನೀರಿನಲ್ಲಿ ಸರಾಸರಿ 288 ಕಣಗಳಿದ್ದವು.

ಮರಿಗಳೂ ಕಣಗಳೂ ಒಂದೇ ಕಡೆ ಸೇರುವುದು ಮೊದಲ ತೊಡಕು. ಹವಾಯಿ ದ್ವೀಪದ ಕರಾವಳಿಯಲ್ಲಿ ನೀರಿನ ಹರಿವುಗಳು ಕೂಡುವಲ್ಲಿ ಮೇಲ್ಮೈ ಎಣ್ಣೆ ಸವರಿದಂತೆ ನುಣುಪಾಗಿ, ಪಟ್ಟಿಪಟ್ಟಿಯಾಗಿ ಕಾಣುತ್ತದೆ. ತೇಲುವುದೆಲ್ಲ ಅಲ್ಲಿಗೇ ಬಂದು ಸೇರುವುದರಿಂದ ಆಹಾರ ಸಮೃದ್ಧ. ಮರಿಗಳಿಗೆ ಅದೇ ತೊಟ್ಟಿಲು. 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಪಟ್ಟಿಗಳಲ್ಲಿ ಸುತ್ತಲಿನ ನೀರಿಗಿಂತ 126 ಪಟ್ಟು ದಟ್ಟವಾಗಿ ಪ್ಲಾಸ್ಟಿಕ್ ಕಂಡಿತು. ಅಲ್ಲಿ ಮೀನುಮರಿ ಒಂದಿದ್ದರೆ ಪ್ಲಾಸ್ಟಿಕ್ ಚೂರು ಏಳು. ಹಾರುವ ಮೀನಿನ ಮರಿಗಳ ಹೊಟ್ಟೆಯಲ್ಲೂ ಅದು ಸಿಕ್ಕಿತು.

ಕಣದ ಗಾತ್ರ ಮರಿಗಳ ಸಹಜ ಆಹಾರದಷ್ಟೇ ಇರುವುದರಿಂದ ಕಣ್ಣು ಮೋಸ ಹೋಗುತ್ತದೆ. ಮೂಗೂ ಮೋಸ ಹೋಗಬಹುದು. ಸಮುದ್ರದಲ್ಲಿ ಕೆಲಕಾಲ ಬಿದ್ದ ಪ್ಲಾಸ್ಟಿಕ್ ಮೇಲೆ ಪಾಚಿ, ಬ್ಯಾಕ್ಟೀರಿಯಾ ಬೆಳೆದು ವಾಸನೆ ಬರುತ್ತದೆ. ಆ ವಾಸನೆಯಿದ್ದ ನೀರನ್ನು ತೊಟ್ಟಿಗೆ ಬಿಟ್ಟಾಗ ಆಂಚೊವಿ ಮೀನುಗಳ ಹಿಂಡು ಆಹಾರ ಹುಡುಕುವಾಗಿನಂತೆಯೇ ವರ್ತಿಸಿದ್ದನ್ನು 2017ರ ಪ್ರಯೋಗವೊಂದು ದಾಖಲಿಸಿದೆ. ಹೊಸ ಪ್ಲಾಸ್ಟಿಕ್‌ನ ವಾಸನೆಗೆ ಅವು ಹಾಗೆ ಸ್ಪಂದಿಸಲಿಲ್ಲ.

ಹೊಟ್ಟೆ ಸೇರಿದ ಮೇಲೆ ಏನಾಗುತ್ತದೆ? ಆಸ್ಟ್ರೇಲಿಯಾದ ವಿಜ್ಞಾನಿಗಳು ಇದನ್ನು ಹವಳದ ದಿಬ್ಬದಲ್ಲೇ ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿಬ್ಬದಲ್ಲಿ ನೆಲೆಯೂರುವ ಮುನ್ನವೇ ಮರಿಮೀನುಗಳನ್ನು ಹಿಡಿದು, ನಾಲ್ಕು ದಿನಗಳಲ್ಲಿ ಆರು ಬಾರಿ ಪಾಲಿಸ್ಟೈರೀನ್ ಕಣ ತಿನ್ನಿಸಿ, ಕೆಲವನ್ನು ಜೀವಂತ ಹವಳದ ಮೇಲೆ, ಕೆಲವನ್ನು ಸತ್ತ ಹವಳದ ಮೇಲೆ ಬಿಟ್ಟರು. ಪ್ಲಾಸ್ಟಿಕ್ ತಿಂದ ಮರಿಗಳು ಮಂಕಾಗಲಿಲ್ಲ. ಬದಲಿಗೆ ಅವುಗಳ ಧೈರ್ಯ ಹೆಚ್ಚಿತು, ಓಡಾಟ ಹೆಚ್ಚಿತು, ಆಸರೆ ಬಿಟ್ಟು ದೂರ ದೂರ ಹೋದವು. ಬದುಕುಳಿದವು ಕಡಿಮೆ. ಹವಳ ಸತ್ತಿದ್ದರಿಂದ ಆದ ಪರಿಣಾಮಕ್ಕಿಂತ ಪ್ಲಾಸ್ಟಿಕ್‌ನ ಪರಿಣಾಮವೇ ದೊಡ್ಡದಿತ್ತು.

ನ್ಯಾನೊ ಕಣಗಳ ಪರಿಣಾಮ ಇದಕ್ಕೆ ತದ್ವಿರುದ್ಧ. ಜೀಬ್ರಾ ಮೀನಿನ ಭ್ರೂಣ ಪಾರದರ್ಶಕ. ಹೊಳೆಯುವ ಬಣ್ಣ ಹಚ್ಚಿದ ಕಣ ಎಲ್ಲಿದೆ ಎಂಬುದು ಸೂಕ್ಷ್ಮದರ್ಶಕದಲ್ಲಿ ನೇರವಾಗಿ ಕಾಣುತ್ತದೆ. ಅಂಥದ್ದೊಂದು ಪ್ರಯೋಗದಲ್ಲಿ ಕಣಗಳು ಮೊದಲು ಆಹಾರದ ಚೀಲಕ್ಕೆ, ಆಮೇಲೆ ಕರುಳು, ಯಕೃತ್ತು, ಹೃದಯ, ಮಿದುಳಿಗೆ ಹರಡಿದವು. ಎದೆಬಡಿತ ನಿಧಾನವಾಯಿತು, ಈಜು ತಗ್ಗಿತು. ಸ್ವೀಡನ್‌ನ ಲುಂಡ್ ವಿಶ್ವವಿದ್ಯಾಲಯದಲ್ಲಿ ಪಾಚಿಗೆ ಕಣ ಸೇರಿಸಿ, ಪಾಚಿಯನ್ನು ನೀರುಚಿಗಟಕ್ಕೆ, ಅದನ್ನು ಕಾರ್ಪ್ ಜಾತಿಯ ಮೀನಿಗೆ ತಿನ್ನಿಸಿದಾಗ ಕಣ ಮಿದುಳಿನವರೆಗೂ ತಲುಪಿತು; ಮೀನುಗಳು ತಿನ್ನಲು ಹೆಚ್ಚು ಹೊತ್ತು ತೆಗೆದುಕೊಂಡವು, ತೊಟ್ಟಿಯಲ್ಲಿ ಸುತ್ತಾಡುವುದೂ ಕಡಿಮೆಯಾಯಿತು.

ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಸುದ್ದಿಯಾದ ಅಧ್ಯಯನ ಮಾತ್ರ ನಿಲ್ಲಲಿಲ್ಲ. ಮೀನುಮರಿಗಳು ಸಹಜ ಆಹಾರ ಬಿಟ್ಟು ಪ್ಲಾಸ್ಟಿಕ್ಕನ್ನೇ ಆರಿಸಿಕೊಳ್ಳುತ್ತವೆ, ಶತ್ರುವಿನ ವಾಸನೆಗೂ ಹೆದರುವುದಿಲ್ಲ ಎಂದು ಸ್ವೀಡನ್‌ನ ಉಪ್ಸಾಲಾ ವಿಶ್ವವಿದ್ಯಾಲಯದ ಇಬ್ಬರು 2016ರ ಜೂನ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ವರದಿಯಲ್ಲಿ ಹೇಳಿದ ಪ್ರಯೋಗ ಅದೇ ರೀತಿಯಲ್ಲಿ ನಡೆದಿರಲಾರದು ಎಂದು ಬೇರೆ ವಿಜ್ಞಾನಿಗಳು ದೂರಿದರು. ಮೂಲ ದತ್ತಾಂಶವೂ ಸಿಗಲಿಲ್ಲ. 2017ರ ಮೇನಲ್ಲಿ ಲೇಖನವನ್ನು ಹಿಂಪಡೆಯಲಾಯಿತು. ಆ ವರ್ಷದ ಕೊನೆಗೆ ವಿಶ್ವವಿದ್ಯಾಲಯವೇ ಇಬ್ಬರೂ ತಪ್ಪೆಸಗಿದ್ದಾರೆಂದು ತೀರ್ಮಾನಿಸಿತು.

ಉಳಿದ ಪ್ರಯೋಗಗಳನ್ನೂ ಅವುಗಳ ಮಿತಿಯಲ್ಲೇ ಓದಬೇಕು. ಅನೇಕ ಪ್ರಯೋಗಾಲಯಗಳು ನೀರಿನಲ್ಲಿ ನಿಜವಾಗಿ ಇರುವುದಕ್ಕಿಂತ ಬಹುಪಟ್ಟು ಹೆಚ್ಚು ಕಣ ಬಳಸುತ್ತವೆ. ಅದೂ ಒಂದೇ ಗಾತ್ರದ ನುಣುಪು ಗುಂಡುಗಳನ್ನು. ಸಮುದ್ರದಲ್ಲಿ ಸಿಗುವುದು ಹೆಚ್ಚಾಗಿ ಎಳೆ, ಅಂಚು ಮುರಿದ ಚೂರು. ಮೀನಿನ ಜಾತಿ, ಕಣದ ಗಾತ್ರ, ತಿಂದ ಪ್ರಮಾಣ ಬದಲಾದಂತೆ ಫಲಿತಾಂಶವೂ ಬದಲಾಗುತ್ತದೆ. ಒಂದೆಡೆ ಅತಿಧೈರ್ಯ, ಇನ್ನೊಂದೆಡೆ ಜಡತೆ ಕಂಡದ್ದು ಅದಕ್ಕೇ. ಇತ್ತ ಕಡಲಲ್ಲಿ ಲೆಕ್ಕ ಹಾಕುವುದೂ ಕಷ್ಟ. ಸಮೀಕ್ಷೆಯ ಬಲೆಗೆ ಬೀಳುವುದು ಅಲ್ಲಿಯವರೆಗೆ ಬದುಕಿದ್ದ ಮರಿ ಮಾತ್ರ. ಆಸರೆ ಬಿಟ್ಟು ಹೋಗಿ ದೊಡ್ಡ ಮೀನಿಗೆ ತುತ್ತಾದದ್ದು ಯಾವ ಎಣಿಕೆಗೂ ಸಿಗುವುದಿಲ್ಲ. ಆದ್ದರಿಂದ ಹೊಟ್ಟೆ ಸೀಳಿ ಕಣ ಎಣಿಸುವ ಅಧ್ಯಯನಗಳ ಜೊತೆಗೆ, ಮರಿಗಳನ್ನು ಅವುಗಳ ನೆಲೆಯಲ್ಲೇ ಬಿಟ್ಟು ಗಮನಿಸುವ ಅಧ್ಯಯನಗಳೂ ಬೇಕಾಗಿವೆ.