ನಕಲಿ ಖಾತೆ, ಬೇಡದ ಗಮನ: ಆನ್‌ಲೈನ್ ಖಾಸಗಿತನದ ಬಗೆಗಿನ ತಪ್ಪು ಕಲ್ಪನೆಗಳು ಮತ್ತು ಸತ್ಯ

ಒಬ್ಬರ ಹೆಸರು ಮತ್ತು ಫೋಟೊ ಬಳಸಿ ಇನ್ನೊಬ್ಬರು ಸಾಮಾಜಿಕ ಜಾಲತಾಣದಲ್ಲಿ ತೆರೆಯುವ ಖಾತೆಯೇ ನಕಲಿ ಖಾತೆ. ವಿಷಯ ಗೊತ್ತಾದ ಕೂಡಲೇ ಹೆಚ್ಚಿನವರು ‘ನನ್ನ ಅಕೌಂಟ್ ಹ್ಯಾಕ್ ಆಗಿದೆ, ರಿಕ್ವೆಸ್ಟ್ ಬಂದರೆ ಯಾರೂ ಒಪ್ಪಬೇಡಿ’ ಎಂದು ಸ್ಟೇಟಸ್ ಹಾಕುತ್ತಾರೆ, ಆಮೇಲೆ ಪಾಸ್‌ವರ್ಡ್ ಬದಲಿಸುತ್ತಾರೆ. ಇಂಥ ಬಹುತೇಕ ಪ್ರಕರಣಗಳಲ್ಲಿ ಹ್ಯಾಕ್ ಆಗಿಯೇ ಇರುವುದಿಲ್ಲ. ಹ್ಯಾಕ್ ಎಂದರೆ ಖಾತೆಯೊಳಗೆ ಬೇರೆಯವರು ನುಗ್ಗಿ ಅದನ್ನು ವಶಕ್ಕೆ ತೆಗೆದುಕೊಳ್ಳುವುದು. ನಕಲಿಗೆ ಒಳಗೆ ನುಗ್ಗುವ ಅಗತ್ಯವೇ ಇಲ್ಲ. ಮೂಲ ಖಾತೆಯನ್ನು ಯಾರೂ ಮುಟ್ಟಿರದ ಕಾರಣ ಅದರ ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ನಕಲಿ ಖಾತೆಗೆ ಏನೂ ಆಗುವುದಿಲ್ಲ.

ನಕಲು ಮಾಡುವ ಬಗೆ ಸರಳ. ಪ್ರೊಫೈಲ್ ಫೋಟೊ, ಊರು, ಓದಿದ ಕಾಲೇಜು, ಕೆಲಸ, ಹೀಗೆ ಎಲ್ಲರಿಗೂ ಕಾಣುವ ವಿವರಗಳನ್ನು ಇಳಿಸಿಕೊಂಡು ಅದೇ ಹೆಸರಿನಲ್ಲಿ ಹೊಸ ಖಾತೆ ತೆರೆಯಲು ಕೆಲವೇ ನಿಮಿಷ ಸಾಕು. ಆಮೇಲೆ ಬೇಕಾಗುವುದು ಮೂಲ ಖಾತೆಯ ಸ್ನೇಹಿತರ ಪಟ್ಟಿ. ಅದು ಎಲ್ಲರಿಗೂ ಕಾಣುವಂತಿದ್ದರೆ ಪಟ್ಟಿಯಲ್ಲಿರುವ ಒಬ್ಬೊಬ್ಬರಿಗೂ ರಿಕ್ವೆಸ್ಟ್ ಹೋಗುತ್ತದೆ. ಒಪ್ಪಿಕೊಂಡವರಿಗೆ ಮೆಸೆಂಜರ್‌ನಲ್ಲಿ ‘ಹಾಯ್, ಹೇಗಿದ್ದೀರಾ’ ಎಂಬ ಸಂದೇಶ ಬರುತ್ತದೆ. ಅದರ ಬೆನ್ನಿಗೇ ‘ಆಸ್ಪತ್ರೆಯಲ್ಲಿದ್ದೇನೆ, ಅರ್ಜೆಂಟ್ ಇದೆ, ಈ ನಂಬರಿಗೆ ಹತ್ತು ಸಾವಿರ ಗೂಗಲ್ ಪೇ ಮಾಡಿ, ನಾಳೆ ವಾಪಸ್ ಕೊಡ್ತೀನಿ’ ಎಂಬ ಬೇಡಿಕೆ. ಐಎಎಸ್, ಐಪಿಎಸ್ ಅಧಿಕಾರಿಗಳ ಹೆಸರಿನ ನಕಲಿ ಖಾತೆಗಳಲ್ಲಿ ಇನ್ನೊಂದು ಕಥೆ ಓಡುತ್ತದೆ: ಸಿಆರ್‌ಪಿಎಫ್‌ನಲ್ಲಿರುವ ಸ್ನೇಹಿತನಿಗೆ ವರ್ಗಾವಣೆಯಾಗಿದೆಯಂತೆ, ಮನೆಯ ಸಾಮಾನೆಲ್ಲ ಕಡಿಮೆ ಬೆಲೆಗೆ ಮಾರುತ್ತಿದ್ದಾನಂತೆ. ಸೋಫಾ, ಫ್ರಿಜ್‌ನ ಫೋಟೊಗಳು ಬರುತ್ತವೆ. ಹಣ ಕಳಿಸಿದ ಮೇಲೆ ಸಾಮಾನೂ ಬರುವುದಿಲ್ಲ, ಉತ್ತರವೂ ಬರುವುದಿಲ್ಲ. ಈ ವಂಚನೆ ನಿಂತಿರುವುದು ಸ್ನೇಹಿತರ ಪಟ್ಟಿಯ ಮೇಲೆ. ಫೇಸ್‌ಬುಕ್ ಸೆಟ್ಟಿಂಗ್ಸ್‌ನಲ್ಲಿ ಆ ಪಟ್ಟಿಯನ್ನು ‘ಓನ್ಲಿ ಮಿ’ಗೆ ಬದಲಿಸಿದರೆ ನಕಲಿ ಖಾತೆ ತೆರೆದವನ ಕೈಗೆ ಗಿರಾಕಿಗಳು ಸಿಗುವುದು ಕಷ್ಟ.

ಬ್ಲಾಕ್ ಮಾಡಿದರೆ ಮುಗಿಯಿತು ಎಂಬ ನಂಬಿಕೆಯೂ ಇದೆ. ಬ್ಲಾಕ್ ಮಾಡಿದಾಗ ನಕಲಿ ಖಾತೆ ಮರೆಯಾಗುವುದು ಬ್ಲಾಕ್ ಮಾಡಿದವರ ಕಣ್ಣಿಗೆ ಮಾತ್ರ. ಉಳಿದವರಿಗೆಲ್ಲ ಅದು ಹಾಗೆಯೇ ಕಾಣುತ್ತಿರುತ್ತದೆ. ಎಷ್ಟೋ ಸಲ ವಂಚಕನೇ ಮೂಲ ವ್ಯಕ್ತಿಯನ್ನು ಮೊದಲು ಬ್ಲಾಕ್ ಮಾಡಿರುತ್ತಾನೆ, ತನ್ನ ಕೆಲಸ ಅವರ ಕಣ್ಣಿಗೆ ಬೀಳದಿರಲಿ ಎಂದು. ಸ್ನೇಹಿತರೊಬ್ಬರ ಫೋನಿನಿಂದ ಆ ಖಾತೆಯನ್ನು ತೆರೆದು, ಪ್ರೊಫೈಲ್‌ನ ಲಿಂಕ್ ಕಾಪಿ ಮಾಡಿ, ಸಂದೇಶಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಆಮೇಲೆ ರಿಪೋರ್ಟ್ ಮಾಡುವುದು ಸರಿಯಾದ ಕ್ರಮ. ಹೆಸರು, ಫೋಟೊ ಯಾವಾಗ ಬೇಕಾದರೂ ಬದಲಾಗಬಹುದು. ಹೀಗಾಗಿ ಖಾತೆಯನ್ನು ಗುರುತಿಸಲು ಪೊಲೀಸರಿಗೆ ಲಿಂಕ್ ಬೇಕು. ನೂರು ಜನ ಒಟ್ಟಿಗೆ ರಿಪೋರ್ಟ್ ಮಾಡಿದರೆ ಖಾತೆ ತಾನಾಗಿ ಬಂದ್ ಆಗುತ್ತದೆ ಎಂಬುದೂ ನಿಜವಲ್ಲ. ಎಷ್ಟು ಸಲ ರಿಪೋರ್ಟ್ ಆಗಿದೆ ಎಂಬುದರ ಮೇಲೆ ತೀರ್ಮಾನ ನಿಂತಿಲ್ಲ ಎಂದು ಫೇಸ್‌ಬುಕ್ಕೇ ಹೇಳುತ್ತದೆ. ‘ಬೇರೊಬ್ಬರಂತೆ ನಟಿಸುತ್ತಿದೆ’ ಎಂಬ ಸರಿಯಾದ ಕಾರಣ ಆರಿಸಿ, ಮೂಲ ಖಾತೆ ಯಾವುದೆಂದು ತೋರಿಸಿದ ಒಂದು ರಿಪೋರ್ಟ್ ಗುಂಪಿನ ಗದ್ದಲಕ್ಕಿಂತ ಹೆಚ್ಚು ಪ್ರಯೋಜನಕಾರಿ.

‘ನನ್ನಂಥ ಸಾಮಾನ್ಯರ ಫೋಟೊ ಯಾರಿಗೆ ಬೇಕು?’ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ನಕಲಿ ಫಾಲೋವರ್‌ಗಳ ಮಾರುಕಟ್ಟೆಗೆ ಬೇಕಾದವರೇ ಸಾಮಾನ್ಯರು. 2018ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅಮೆರಿಕದ ಡೆವುಮಿ ಎಂಬ ಕಂಪನಿಯ ವ್ಯವಹಾರವನ್ನು ಬಯಲಿಗೆಳೆಯಿತು. ಟ್ವಿಟರ್‌ನಲ್ಲಿ ಫಾಲೋವರ್‌ಗಳನ್ನು ಮಾರುವುದೇ ಅದರ ಕಸುಬು. ಅದರ ಬಳಿ ಕನಿಷ್ಠ 35 ಲಕ್ಷ ಸ್ವಯಂಚಾಲಿತ ಖಾತೆಗಳಿದ್ದವು ಎಂದು ಪತ್ರಿಕೆ ಅಂದಾಜಿಸಿತು. ಅವುಗಳಲ್ಲಿ ಕನಿಷ್ಠ 55 ಸಾವಿರ ಖಾತೆಗಳು ನಿಜವಾದ ಬಳಕೆದಾರರ ಹೆಸರು, ಫೋಟೊ, ಊರುಗಳನ್ನು ಕದ್ದು ಮಾಡಿದವು. ಹೀಗೆ ಗುರುತು ಕಳವಾದವರಲ್ಲಿ ಹದಿಹರೆಯದವರೂ ಇದ್ದರು. ಹೆಸರಾಂತ ವ್ಯಕ್ತಿಯ ನಕಲು ಬೇಗ ಸಿಕ್ಕಿಬೀಳುತ್ತದೆ. ಸಾಮಾನ್ಯರದಾದರೆ ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಉಳಿಯುತ್ತದೆ, ನೋಡಿದವರಿಗೆ ಅಸಲಿಯಂತೆಯೇ ತೋರುತ್ತದೆ. 2019ರ ಅಕ್ಟೋಬರ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ಕಂಪನಿಯ ವಿರುದ್ಧದ ದೂರನ್ನು 25 ಲಕ್ಷ ಡಾಲರ್‌ಗಳ ಆದೇಶದೊಂದಿಗೆ ಇತ್ಯರ್ಥಪಡಿಸಿತು. ಅದೇ ವರ್ಷದ ಮೊದಲ ಮೂರು ತಿಂಗಳಲ್ಲೇ ಫೇಸ್‌ಬುಕ್ ತೆಗೆದುಹಾಕಿದ ನಕಲಿ ಖಾತೆಗಳು ಸುಮಾರು 220 ಕೋಟಿ. ಇವುಗಳಲ್ಲಿ ಹೆಚ್ಚಿನವು ತೆರೆದ ಕೆಲವೇ ನಿಮಿಷಗಳಲ್ಲಿ ಸಿಕ್ಕಿಬಿದ್ದವು. ಹೀಗಿರುವಾಗ ರಾತ್ರೋರಾತ್ರಿ ಏರಿದ ಫಾಲೋವರ್ ಸಂಖ್ಯೆಯನ್ನು ಜನಪ್ರಿಯತೆ ಎಂದು ಎಣಿಸುವುದು ತಪ್ಪು ಲೆಕ್ಕ.

ನೀಲಿ ಟಿಕ್ ಇದ್ದರೆ ಅಸಲಿ ಎಂಬ ಭರವಸೆಯೂ ಈಗ ಉಳಿದಿಲ್ಲ. 2022ರ ನವೆಂಬರ್‌ನಲ್ಲಿ ಟ್ವಿಟರ್ ಹಣ ಕೊಟ್ಟವರಿಗೆ ಟಿಕ್ ಕೊಡಲು ಶುರುಮಾಡಿತು. ಕೆಲವೇ ದಿನಗಳಲ್ಲಿ ಎಲಿ ಲಿಲಿ ಎಂಬ ಔಷಧ ಕಂಪನಿಯ ಹೆಸರಿನ ನಕಲಿ ಖಾತೆ ಟಿಕ್ ಸಮೇತ ಬಂದು, ಇನ್ಸುಲಿನ್ ಇನ್ನು ಉಚಿತ ಎಂದು ಘೋಷಿಸಿತು. ಕಂಪನಿ ಬಹಿರಂಗ ಸ್ಪಷ್ಟನೆ ಕೊಡಬೇಕಾಯಿತು.

ಫೋಟೊ ಹಾಕಿದ್ದೇ ತಪ್ಪು ಎಂಬ ಕಲ್ಪನೆ ಇವೆಲ್ಲಕ್ಕಿಂತ ಕ್ರೂರವಾದದ್ದು, ಹೆಣ್ಣುಮಕ್ಕಳ ಮೇಲೆ ಹೆಚ್ಚು ಬೀಳುವಂಥದ್ದು. 2023ರ ನವೆಂಬರ್‌ನಲ್ಲಿ ಕೊಡಗಿನ ವಿರಾಜಪೇಟೆ ಮೂಲದ ನಟಿ ರಶ್ಮಿಕಾ ಮಂದಣ್ಣ ಅವರ ಡೀಪ್‌ಫೇಕ್ ವಿಡಿಯೊ ದೇಶದಾದ್ಯಂತ ಹರಿದಾಡಿತು. ಬ್ರಿಟನ್‌ನ ಯುವತಿಯೊಬ್ಬಳು ಲಿಫ್ಟ್‌ನೊಳಗೆ ಬರುವ ವಿಡಿಯೊಗೆ ನಟಿಯ ಮುಖವನ್ನು ಕೂರಿಸಲಾಗಿತ್ತು. 2024ರ ಜನವರಿಯಲ್ಲಿ ದೆಹಲಿ ಪೊಲೀಸರು ಆಂಧ್ರಪ್ರದೇಶದ ಗುಂಟೂರಿನಲ್ಲಿ ಒಬ್ಬನನ್ನು ಬಂಧಿಸಿದರು. ಅವನು ನಟಿಯ ಹೆಸರಿನ ಅಭಿಮಾನಿ ಪುಟ ನಡೆಸುತ್ತಿದ್ದ. ಆ ಪುಟದ ಫಾಲೋವರ್‌ಗಳನ್ನು ಹೆಚ್ಚಿಸಿಕೊಳ್ಳಲು ವಿಡಿಯೊ ಮಾಡಿದ ಎಂಬುದು ಪೊಲೀಸರು ಕೊಟ್ಟ ವಿವರಣೆ. ಇಬ್ಬರು ಮಹಿಳೆಯರ ಘನತೆಯನ್ನು ಒಬ್ಬನ ಫಾಲೋವರ್ ಆಸೆಗೆ ಬಲಿಕೊಟ್ಟ ಈ ಪ್ರಕರಣದಲ್ಲಿ ತಪ್ಪು ಯಾರದೆಂದು ಹುಡುಕುವ ಅಗತ್ಯವಿಲ್ಲ. ಸಾರ್ವಜನಿಕವಾಗಿ ಫೋಟೊ ಹಾಕಿದ ಮಾತ್ರಕ್ಕೆ ಅದನ್ನು ತಿರುಚುವ ಅನುಮತಿ ಯಾರಿಗೂ ಸಿಗುವುದಿಲ್ಲ.

ಅಪರಿಚಿತ ವಿಡಿಯೊ ಕಾಲ್‌ನ ಬ್ಲ್ಯಾಕ್‌ಮೇಲ್‌ನಲ್ಲೂ ತಪ್ಪು ತನ್ನದೇ ಎಂಬ ನಾಚಿಕೆಯೇ ವಂಚಕರ ಬಂಡವಾಳ. ಸುಂದರ ಫೋಟೊದ ಖಾತೆಯಿಂದ ರಿಕ್ವೆಸ್ಟ್, ಎರಡು ದಿನದ ಮಾತು, ವಾಟ್ಸ್‌ಆ್ಯಪ್ ನಂಬರ್, ರಾತ್ರಿ ಅಶ್ಲೀಲ ವಿಡಿಯೊ ಕಾಲ್. ಕರೆಯ ರೆಕಾರ್ಡಿಂಗ್ ಕೈಗೆ ಬಂದ ಮೇಲೆ ಮನೆಯವರಿಗೆ ಕಳಿಸುವ ಬೆದರಿಕೆ. ಮರುದಿನ ಪೊಲೀಸ್ ಅಧಿಕಾರಿಯ ಸೋಗಿನಲ್ಲಿ ಇನ್ನೊಬ್ಬನ ಕರೆ, ಹೆದರಿದವರ ಮೇಲೆ ಹಾವು ಎಸೆದ ಹಾಗೆ. ಹಣ ಕೊಟ್ಟರೆ ಸುಮ್ಮನಾಗುತ್ತಾರೆ ಎಂಬುದು ಸುಳ್ಳು. ಒಮ್ಮೆ ಕೊಟ್ಟವರು ಮತ್ತೆ ಕೊಡುತ್ತಾರೆ ಎಂಬ ಖಾತ್ರಿ ಸಿಕ್ಕಿ ಬೇಡಿಕೆ ಏರುತ್ತದೆ.

ಖಾತೆಯನ್ನು ‘ಪ್ರೈವೇಟ್’ ಮಾಡಿದರೆ ಎಲ್ಲವೂ ಭದ್ರ ಎಂಬುದು ಅರ್ಧ ಸತ್ಯ. ಇನ್‌ಸ್ಟಾಗ್ರಾಮ್‌ನಲ್ಲಿ ಹಾಗೆ ಮಾಡಿದಾಗ ಪೋಸ್ಟ್ ಮತ್ತು ಸ್ಟೋರಿಗಳು ಹೊರಗಿನವರಿಗೆ ಕಾಣುವುದಿಲ್ಲ, ಇದು ನಿಜಕ್ಕೂ ಉಪಯುಕ್ತ. ಆದರೆ ಹೆಸರು, ಪ್ರೊಫೈಲ್ ಫೋಟೊ, ಬಯೋ ಎಲ್ಲರಿಗೂ ಕಾಣುತ್ತವೆ. ಒಳಗಿರುವ ಫಾಲೋವರ್ ಸ್ಕ್ರೀನ್‌ಶಾಟ್ ತೆಗೆದು ಹೊರಗೆ ಕಳಿಸುವುದನ್ನು ಯಾವ ಸೆಟ್ಟಿಂಗೂ ತಡೆಯದು. ಒಬ್ಬರ ಖಾಸಗಿತನ ಅವರ ಸ್ನೇಹಿತರ ಕೈಯಲ್ಲೂ ಇರುತ್ತದೆ ಎಂಬುದನ್ನು 2018ರ ಕೇಂಬ್ರಿಡ್ಜ್ ಅನಲಿಟಿಕಾ ಹಗರಣ ಇಡೀ ಜಗತ್ತಿಗೆ ತೋರಿಸಿತು. ಫೇಸ್‌ಬುಕ್‌ನಲ್ಲಿದ್ದ ವ್ಯಕ್ತಿತ್ವ ಪರೀಕ್ಷೆಯ ಆ್ಯಪ್ ಒಂದನ್ನು ಸುಮಾರು 2.7 ಲಕ್ಷ ಜನ ಬಳಸಿದ್ದರು. ಅವರ ಸ್ನೇಹಿತರ ಮಾಹಿತಿಯನ್ನೂ ಎಳೆದುಕೊಳ್ಳಲು ಆ ಕಾಲದ ನಿಯಮಗಳು ಅವಕಾಶ ಕೊಟ್ಟಿದ್ದರಿಂದ 8.7 ಕೋಟಿ ಜನರ ವಿವರ ಸೋರಿರಬಹುದು ಎಂದು ಫೇಸ್‌ಬುಕ್ ಹೇಳಿತು. ಭಾರತದಲ್ಲಿ ಆ್ಯಪ್ ಹಾಕಿಕೊಂಡವರು ಕೇವಲ 335 ಜನ, ತೊಂದರೆಗೆ ಸಿಲುಕಿರಬಹುದಾದವರು 5,62,455.

ಪ್ರೊಫೈಲ್ ನೋಡಿದವರು ಯಾರೆಂದು ತೋರಿಸುತ್ತೇವೆ ಎನ್ನುವ ಆ್ಯಪ್‌ಗಳನ್ನು ಈ ಹಿನ್ನೆಲೆಯಲ್ಲೇ ನೋಡಬೇಕು. ಫೇಸ್‌ಬುಕ್ ಇಂಥ ಮಾಹಿತಿಯನ್ನು ಯಾರಿಗೂ ಕೊಡುವುದಿಲ್ಲ. ಇನ್‌ಸ್ಟಾಗ್ರಾಮ್ ಸ್ಟೋರಿ ನೋಡಿದವರ ಪಟ್ಟಿಯನ್ನು ತೋರಿಸುತ್ತದೆಯೇ ಹೊರತು ಪ್ರೊಫೈಲ್ ನೋಡಿದವರದ್ದನ್ನಲ್ಲ. ಹಾಗಾಗಿ ಈ ಆ್ಯಪ್‌ಗಳು ತೋರಿಸುವ ಹೆಸರುಗಳು ಹುಸಿ. ಲಾಗಿನ್ ವಿವರ ಕೇಳಿದರೆ ಕೊಡುವುದು ನಿಜವಾಗಿಯೂ ಹ್ಯಾಕ್ ಆಗುವ ದಾರಿ.

‘ನನ್ನ ಫೋಟೊ ಬಳಸಲು ಅನುಮತಿ ಇಲ್ಲ’ ಎಂದು ರೋಮ್ ಶಾಸನವನ್ನು ಉಲ್ಲೇಖಿಸಿ ಕಾಪಿ-ಪೇಸ್ಟ್ ಮಾಡುವ ಘೋಷಣೆ 2012ರಿಂದಲೂ ಮರುಕಳಿಸುತ್ತಿದೆ. ರೋಮ್ ಶಾಸನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಸ್ಥಾಪಿಸಿದ ಒಪ್ಪಂದ, ಫೇಸ್‌ಬುಕ್‌ಗೂ ಅದಕ್ಕೂ ಸಂಬಂಧವಿಲ್ಲ. ಖಾತೆ ತೆರೆಯುವಾಗ ಒಪ್ಪಿದ ಷರತ್ತುಗಳು ಗೋಡೆಯ ಮೇಲಿನ ಪೋಸ್ಟ್‌ನಿಂದ ರದ್ದಾಗುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಮೂರು ಟಿಕ್ ಬಂದರೆ ಸರ್ಕಾರ ಸಂದೇಶ ಓದಿದೆ ಎಂಬುದೂ ಇದೇ ಜಾತಿಯದು. ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಇದನ್ನು ಸುಳ್ಳೆಂದು ಸಾರಿದೆ.

ವಾಟ್ಸ್‌ಆ್ಯಪ್ ಸಂದೇಶಗಳಿಗೆ 2016ರ ಏಪ್ರಿಲ್‌ನಿಂದ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಇದೆ. ಕಳಿಸಿದವರು ಮತ್ತು ಪಡೆದವರ ನಡುವೆ ಬೇರೆ ಯಾರೂ, ಕಂಪನಿಯೂ ಸಹ, ಅವನ್ನು ಓದಲಾಗದು. ಆದರೆ ಯಾರು, ಯಾರಿಗೆ, ಯಾವಾಗ ಕಳಿಸಿದರು ಎಂಬ ವಿವರಗಳು ಈ ರಕ್ಷಣೆಯ ಹೊರಗಿವೆ. ಸಂದೇಶ ಪಡೆದವರು ಆ ಚಾಟ್ ಅನ್ನು ರಿಪೋರ್ಟ್ ಮಾಡಿದರೆ ಕೊನೆಯ ಐದು ಸಂದೇಶಗಳು ಕಂಪನಿಗೆ ಹೋಗುತ್ತವೆ. ಗೂಗಲ್ ಡ್ರೈವ್‌ಗೆ ಹೋಗುವ ಬ್ಯಾಕಪ್‌ಗೆ ಎನ್‌ಕ್ರಿಪ್ಷನ್ ಬೇಕೆಂದರೆ ಬಳಕೆದಾರರೇ ಸೆಟ್ಟಿಂಗ್ ಬದಲಿಸಬೇಕು, ಆ ಸೌಲಭ್ಯ ಬಂದದ್ದು 2021ರಲ್ಲಿ.

ಬ್ರೌಸರ್‌ನ ಇನ್‌ಕಾಗ್ನಿಟೊ ಅದೇ ಫೋನ್ ಬಳಸುವ ಮನೆಯವರಿಂದ ಹಿಸ್ಟರಿಯನ್ನು ಮುಚ್ಚಿಡುತ್ತದೆ, ಅಷ್ಟೆ. ಇಂಟರ್ನೆಟ್ ಕಂಪನಿಗೆ, ಆಫೀಸಿನ ನೆಟ್‌ವರ್ಕ್‌ಗೆ, ಭೇಟಿಕೊಟ್ಟ ಜಾಲತಾಣಕ್ಕೆ ಬಳಕೆದಾರರ ಜಾಡು ಸಿಗುತ್ತದೆ. ಈ ಬಗ್ಗೆ ಗೂಗಲ್ ವಿರುದ್ಧ ಕ್ಯಾಲಿಫೋರ್ನಿಯಾದಲ್ಲಿ 2020ರಲ್ಲಿ ಹೂಡಿದ ಮೊಕದ್ದಮೆಯ ರಾಜಿಯಲ್ಲಿ, ಸಂಗ್ರಹಿಸಿದ್ದ ಅಪಾರ ಪ್ರಮಾಣದ ದಾಖಲೆಗಳನ್ನು ಅಳಿಸಲು ಕಂಪನಿ 2024ರಲ್ಲಿ ಒಪ್ಪಿತು.

‘ಮಾತಾಡಿದ್ದೇ ತಡ, ಅದೇ ಜಾಹೀರಾತು ಬಂತು, ಫೋನ್ ಕದ್ದು ಕೇಳುತ್ತಿದೆ’ ಎಂಬ ಅನುಮಾನ ಅನೇಕರದು. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ 17,260 ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿದರು. ಮೈಕನ್ನು ಗುಟ್ಟಾಗಿ ಆನ್ ಮಾಡಿ ಧ್ವನಿ ಕಳಿಸಿದ ಒಂದು ಆ್ಯಪ್ ಕೂಡ ಅವರಿಗೆ ಸಿಗಲಿಲ್ಲ. ಪರದೆಯ ಮೇಲೆ ನಡೆಯುವುದನ್ನು ರೆಕಾರ್ಡ್ ಮಾಡಿ ಹೊರಗೆ ಕಳಿಸುವ ಕೆಲವು ಸಿಕ್ಕವು. ಜಾಹೀರಾತು ಕಂಪನಿಗಳಿಗೆ ಮಾತು ಕೇಳುವ ಅಗತ್ಯವೂ ಇಲ್ಲ. ಹುಡುಕಿದ ಪದ, ನೋಡಿದ ಅಂಗಡಿ, ಲೊಕೇಶನ್, ಆ್ಯಪ್‌ಗೆ ಕೊಟ್ಟ ಕಾಂಟ್ಯಾಕ್ಟ್ ಪಟ್ಟಿಯೇ ಅವಕ್ಕೆ ಬೇಕಾದಷ್ಟು ಹೇಳುತ್ತವೆ. ಅನುಮತಿಗಳನ್ನು ಒಂದೊಂದಾಗಿ ತೆಗೆದು ನೋಡುವುದು ಮೈಕ್‌ಗೆ ಟೇಪು ಅಂಟಿಸುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಖಾಸಗಿತನ ಬೇಕೆನ್ನುವವರು ಏನೋ ಮುಚ್ಚಿಡುತ್ತಿದ್ದಾರೆ ಎಂಬ ಮಾತಿಗೆ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಾಗಿದೆ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತಿತು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಎಲ್ಲವನ್ನೂ ಕಾಪಾಡುತ್ತದೆ ಎಂದು ನಂಬುವುದೂ ಸರಿಯಲ್ಲ. ವ್ಯಕ್ತಿ ತಾನಾಗಿಯೇ ಸಾರ್ವಜನಿಕಗೊಳಿಸಿದ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ.

ನಕಲಿ ಖಾತೆಯವನ ವಿರುದ್ಧ ಬಳಕೆಯಾಗುವುದು ಬೇರೆ ಕಲಮುಗಳು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಗುರುತಿನ ಕಳವಿಗೆ, 66ಡಿ ಸೋಗು ಹಾಕಿ ವಂಚಿಸುವುದಕ್ಕೆ ಮೂರು ವರ್ಷದವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತವೆ. ಹೆಣ್ಣುಮಕ್ಕಳನ್ನು ಆನ್‌ಲೈನ್‌ನಲ್ಲಿ ಬೆನ್ನಟ್ಟುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅಪರಾಧ. ಸೋಗಿನ ಖಾತೆ, ತಿರುಚಿದ ಚಿತ್ರಗಳ ಬಗ್ಗೆ ದೂರು ಬಂದರೆ ಜಾಲತಾಣಗಳು 24 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕೆಂದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಗಡುವು ಹಾಕಿದವು.

‘ನಮ್ಮ ಠಾಣೆಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಪೊಲೀಸರ ಮಾತಿಗೂ ಹೆದರಬೇಕಾಗಿಲ್ಲ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಅಪರಾಧ ಎಲ್ಲೇ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ದೂರು ದಾಖಲಿಸಬಹುದು. ಕರ್ನಾಟಕದ ಜಿಲ್ಲೆಗಳಲ್ಲಿ ಇಂಥ ದೂರುಗಳಿಗೆ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಠಾಣೆಗಳಿವೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ದೂರನ್ನು ಹೆಸರು ಹೇಳದೆಯೂ ಸಲ್ಲಿಸಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ವಂಚಕ ಹಣ ತೆಗೆದುಕೊಳ್ಳುವ ಮೊದಲು ದೂರು ತಲುಪಿದರೆ ಬ್ಯಾಂಕ್ ಅದನ್ನು ತಡೆಹಿಡಿಯಲು ಸಾಧ್ಯ.