ನೆಲ ಊರಿನದು, ಮನೆ ನಿಮ್ಮದು

ಮನೆ ಮಾರುವವರಿಗೆ ಹೆಚ್ಚು ಬೆಲೆ ಬರಬೇಕು, ಕೊಳ್ಳುವವರಿಗೆ ಕಡಿಮೆಗೆ ಸಿಗಬೇಕು. ಈ ಎಳೆದಾಟ ಇಲ್ಲದ ಊರಿಲ್ಲ. ಆದರೆ ಅಮೆರಿಕದ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ಎಂಬ ಸಣ್ಣ ನಗರದಲ್ಲಿ ನೂರಾರು ಮನೆಗಳ ಮಟ್ಟಿಗೆ ಈ ಎಳೆದಾಟವನ್ನು ಪೇಟೆಗೆ ಬಿಡದೆ ಒಂದು ಆಡಳಿತ ಮಂಡಳಿಯ ಮುಂದೆ ಇಟ್ಟಿದ್ದಾರೆ. ಆ ಮಂಡಳಿಯಲ್ಲಿ ಆ ಮನೆಗಳಲ್ಲಿ ವಾಸ ಇರುವವರಿದ್ದಾರೆ, ವಾಸ ಇರದ ಊರಿನವರಿದ್ದಾರೆ, ಸ್ಥಳೀಯ ಆಡಳಿತದ ಪರವಾಗಿ ಬಂದವರಿದ್ದಾರೆ. ಮಂಡಳಿಯ ಕೆಲಸಕ್ಕೆ ಯಾರಿಗೂ ಸಂಬಳವಿಲ್ಲ. ಆದರೂ ಮನೆ ಮಾರಿದಾಗ ಎಷ್ಟು ಲಾಭ ಯಾರಿಗೆ ಸೇರಬೇಕು ಎಂಬ ನಿಯಮವನ್ನು ಕಾಯುವವರು ಇವರೇ.

ಸಂಸ್ಥೆಯ ಹೆಸರು ಚಾಂಪ್ಲೇನ್ ಹೌಸಿಂಗ್ ಟ್ರಸ್ಟ್. ಅಮೆರಿಕದಲ್ಲಿ ಸಮುದಾಯ ಭೂ ಟ್ರಸ್ಟ್ ಎಂದು ಕರೆಸಿಕೊಳ್ಳುವ ಸುಮಾರು 300 ಸಂಸ್ಥೆಗಳಲ್ಲಿ ಇದು ಬಹಳ ದೊಡ್ಡದು. ಇಂಥ ಸಂಸ್ಥೆಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮನೆಗಳ ಲೆಕ್ಕ ಕೊಡುತ್ತಾರೆ. ಆದರೆ ಕಡಿಮೆ ಬೆಲೆಗೆ ಮನೆ ಕೊಡುವ ಯೋಜನೆಗಳು ಲೋಕದಲ್ಲಿ ಬೇಕಾದಷ್ಟಿವೆ. ಇಲ್ಲಿನ ಹೊಸತನ ಇರುವುದು ಮಂಡಳಿಯ ಕುರ್ಚಿಗಳನ್ನು ಹಂಚಿದ ರೀತಿಯಲ್ಲಿ.

ಹತ್ತು ಮತಗಳ ಮೇಯರ್

ಬರ್ಲಿಂಗ್ಟನ್ ಚಾಂಪ್ಲೇನ್ ಸರೋವರದ ದಂಡೆಯ ವಿಶ್ವವಿದ್ಯಾಲಯದ ಊರು. ವಿದ್ಯಾರ್ಥಿಗಳು ಹೆಚ್ಚಿದಂತೆ, ಸರೋವರದ ನೋಟಕ್ಕೆ ದುಡ್ಡು ಕೊಡುವವರು ಬಂದಂತೆ ಬಾಡಿಗೆ ಏರಿತು. ಓಲ್ಡ್ ನಾರ್ತ್ ಎಂಡ್ ಎಂಬ ಹಳೆಯ ಕೆಲಸಗಾರರ ಬಡಾವಣೆಗೆ ಇದರ ಬಿಸಿ ಜೋರಾಗಿಯೇ ತಟ್ಟಿತು. 1981ರಲ್ಲಿ ಬರ್ನಿ ಸ್ಯಾಂಡರ್ಸ್ ಬರೀ 10 ಮತಗಳ ಅಂತರದಲ್ಲಿ ಇಲ್ಲಿನ ಮೇಯರ್ ಆದರು. ಅವರ ಆಡಳಿತ 1984ರಲ್ಲಿ 2 ಲಕ್ಷ ಡಾಲರ್ ಮೂಲಧನ ಕೊಟ್ಟು ಬರ್ಲಿಂಗ್ಟನ್ ಸಮುದಾಯ ಭೂ ಟ್ರಸ್ಟ್ ಶುರುವಾಗಲು ನೆರವಾಯಿತು.

ಎಲ್ಲರೂ ಹೂಹಾರ ಹಿಡಿದು ಬರಲಿಲ್ಲ. ಆಗಲೇ ಸ್ವಂತ ಮನೆ ಇದ್ದ ಕೆಲವರು, ಪಕ್ಕದಲ್ಲಿ ಅಗ್ಗದ ಮನೆ ಬಂದರೆ ನಮ್ಮ ಆಸ್ತಿಯ ಬೆಲೆ ಬೀಳುತ್ತದೆ ಎಂದು ಗುಂಪು ಕಟ್ಟಿ ವಿರೋಧಿಸಿದರು. ಟ್ರಸ್ಟ್ ಉಳಿಯಿತು, ಬೆಳೆಯಿತು. 2006ರಲ್ಲಿ ಬಾಡಿಗೆ ಮನೆಗಳನ್ನು ನಡೆಸುತ್ತಿದ್ದ ಇನ್ನೊಂದು ಸಂಸ್ಥೆಯ ಜೊತೆ ಸೇರಿ ಈಗಿನ ಹೆಸರು ಪಡೆಯಿತು. 2008ರಲ್ಲಿ ವಿಶ್ವ ಹ್ಯಾಬಿಟಾಟ್ ಪ್ರಶಸ್ತಿ ಬಂತು. ಇಂದು ಚಿಟೆಂಡನ್, ಫ್ರಾಂಕ್ಲಿನ್, ಗ್ರ್ಯಾಂಡ್ ಐಲ್ ಎಂಬ ಮೂರು ಕೌಂಟಿಗಳಲ್ಲಿ ಅದರ ಕೈಕೆಳಗೆ 2,000ಕ್ಕೂ ಹೆಚ್ಚು ಬಾಡಿಗೆ ಮನೆಗಳೂ, ಕೊಂಡವರೇ ಮಾಲೀಕರಾಗಿರುವ 600ಕ್ಕೂ ಹೆಚ್ಚು ಮನೆಗಳೂ ಇವೆ.

ಒಂದು ಮನೆಯ ಲೆಕ್ಕ

ವ್ಯವಹಾರ ಹೀಗಿದೆ. ಟ್ರಸ್ಟ್ ನೆಲವನ್ನು ತನ್ನ ಹೆಸರಿನಲ್ಲೇ ಇಟ್ಟುಕೊಂಡು, ಮೇಲಿನ ಕಟ್ಟಡವನ್ನು ಮಾತ್ರ ಮಾರುತ್ತದೆ. ನೆಲಕ್ಕೆ ದೀರ್ಘಾವಧಿಯ ಗುತ್ತಿಗೆ ಕರಾರು. ಇಂಥ ಟ್ರಸ್ಟ್‌ಗಳಲ್ಲಿ ಅದು ಸಾಮಾನ್ಯವಾಗಿ 99 ವರ್ಷದ್ದು, ನವೀಕರಿಸಬಹುದಾದದ್ದು, ಮಕ್ಕಳಿಗೆ ಬರುವಂಥದ್ದು. ಕೊಳ್ಳುವವರು ಉಳಿದವರ ಹಾಗೆಯೇ ಬ್ಯಾಂಕಿನಲ್ಲಿ ಗೃಹಸಾಲ ತೆಗೆದು, ಕಂತು ಕಟ್ಟಿ, ಮನೆಯ ತೆರಿಗೆ ಕಟ್ಟಿ ಬದುಕುತ್ತಾರೆ. ಗೋಡೆಗೆ ಮೊಳೆ ಹೊಡೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ವ್ಯತ್ಯಾಸ ಕಾಣಿಸುವುದು ಮಾರುವ ದಿನ.

ತಿಳಿಯಲು ಒಂದು ಕಲ್ಪಿತ ಲೆಕ್ಕ ತೆಗೆದುಕೊಳ್ಳಿ. ಪೇಟೆಯಲ್ಲಿ 3 ಲಕ್ಷ ಡಾಲರ್ ಬೆಲೆಬಾಳುವ ಮನೆಗೆ ಟ್ರಸ್ಟ್ 1 ಲಕ್ಷದ ಸಹಾಯಧನ ತುಂಬಿ, ಒಂದು ಕುಟುಂಬಕ್ಕೆ 2 ಲಕ್ಷಕ್ಕೆ ಕೊಡುತ್ತದೆ. ಹತ್ತು ವರ್ಷದ ಮೇಲೆ ಅದೇ ಮನೆಯ ಪೇಟೆ ಬೆಲೆ 4 ಲಕ್ಷ. ಏರಿದ 1 ಲಕ್ಷದಲ್ಲಿ ಬರ್ಲಿಂಗ್ಟನ್ ಸೂತ್ರದ ಪ್ರಕಾರ ಶೇ 25, ಅಂದರೆ 25 ಸಾವಿರ, ಮಾರುವವರಿಗೆ. ಅಷ್ಟು ವರ್ಷ ತೀರಿಸಿದ ಅಸಲೂ ಅವರದೇ. ಉಳಿದ 75 ಸಾವಿರ ಯಾರ ಜೇಬಿಗೂ ಹೋಗದೆ ಮನೆಯಲ್ಲೇ ಕೂರುತ್ತದೆ. ಹಾಗಾಗಿ ಮುಂದಿನ ಕುಟುಂಬಕ್ಕೆ 4 ಲಕ್ಷದ ಮನೆ 2.25 ಲಕ್ಷಕ್ಕೆ ಸಿಗುತ್ತದೆ. ಸಾರ್ವಜನಿಕರ ದುಡ್ಡು ಒಮ್ಮೆ ಹಾಕಿದ್ದು, ಉಪಯೋಗ ಸಾಲು ಸಾಲು ಕುಟುಂಬಗಳಿಗೆ. ಸಾಮಾನ್ಯ ಸಬ್ಸಿಡಿ ಯೋಜನೆಗಳಲ್ಲಿ ಮೊದಲ ಮಾಲೀಕ ಮನೆ ಮಾರಿದ ದಿನವೇ ಸರ್ಕಾರದ ಹಣ ಅವನ ಲಾಭದಲ್ಲಿ ಕರಗಿಹೋಗುತ್ತದೆ.

ಈ ಶೇ 25 ಎಂಬುದು ದೇವರು ಬರೆದ ಅಂಕಿಯಲ್ಲ. ಬೇರೆ ಟ್ರಸ್ಟ್‌ಗಳಲ್ಲಿ ಬೇರೆ ಸೂತ್ರಗಳಿವೆ. ಅದನ್ನು ಗೊತ್ತುಮಾಡುವವರು, ಬದಲಿಸಬಲ್ಲವರು ಯಾರು ಎಂದು ಕೇಳಿದರೆ ಮತ್ತೆ ಮಂಡಳಿಗೇ ಬರಬೇಕಾಗುತ್ತದೆ.

ಮೂರರಲ್ಲಿ ಒಂದು ಪಾಲು

ಸಮುದಾಯ ಭೂ ಟ್ರಸ್ಟ್‌ನ ಮಂಡಳಿಯನ್ನು ಶಾಸ್ತ್ರೋಕ್ತವಾಗಿ ರಚಿಸಿದರೆ ಅದರಲ್ಲಿ ಮೂರು ಸಮಪಾಲು. ಒಂದು ಪಾಲು ಟ್ರಸ್ಟ್‌ನ ನೆಲದ ಮೇಲೆ ಮನೆ ಮಾಡಿಕೊಂಡವರದು. ಇನ್ನೊಂದು, ಸದಸ್ಯತ್ವ ಪಡೆದಿದ್ದರೂ ಟ್ರಸ್ಟ್‌ನ ಮನೆಗಳಲ್ಲಿ ಇರದ ಊರಿನವರದು. ಮೂರನೆಯದು ಸಾರ್ವಜನಿಕ ಹಿತದ ಪರವಾಗಿ ಬರುವವರದು. ಬರ್ಲಿಂಗ್ಟನ್‌ನಲ್ಲಿ ಇವರು ಸ್ಥಳೀಯ ಆಡಳಿತ ಸಂಸ್ಥೆಗಳ ಕಡೆಯವರು. 1992ರ ಕೇಂದ್ರ ವಸತಿ ಕಾನೂನಿನಲ್ಲೂ ಈ ವ್ಯಾಖ್ಯೆ ಸೇರಿಕೊಂಡಿತು. ಅದನ್ನು ಸೇರಿಸಲು ಓಡಾಡಿದವರು ಅಷ್ಟರಲ್ಲಿ ಸಂಸತ್ತು ಮುಟ್ಟಿದ್ದ ಅದೇ ಸ್ಯಾಂಡರ್ಸ್. ಬರೀ ಮೂರು ಪಾಲಿದ್ದರೆ ಸಾಲದು, ಮಂಡಳಿಯ ಬಹುಮತದವರನ್ನು ಸದಸ್ಯರೇ ಆರಿಸಿರಬೇಕು ಎನ್ನುತ್ತದೆ ಕಾನೂನು.

ಮೂರೂ ಪಾಲು ಯಾಕೆ ಬೇಕು? ನಿವಾಸಿಗಳೇ ಪೂರ್ತಿ ಕೂತರೆ ಒಂದಲ್ಲ ಒಂದು ದಿನ, ‘ನಮ್ಮ ಲಾಭದ ಪಾಲು ಶೇ 25 ಯಾಕೆ, 50 ಮಾಡೋಣ, 100 ಮಾಡೋಣ’ ಎಂಬ ಠರಾವು ಬರುತ್ತದೆ. ಅದು ದುರಾಸೆಯೇ ಆಗಬೇಕೆಂದಿಲ್ಲ, ಮಗಳ ಕಾಲೇಜು ಫೀಸೂ ಇರಬಹುದು. ಊರಿನವರೇ ಕೂತರೆ ನಿವಾಸಿಯ ಸೋರುವ ಮಾಡು ಯಾರ ಗಮನಕ್ಕೂ ಬರುವುದಿಲ್ಲ. ಅಧಿಕಾರಿಗಳೇ ಕೂತರೆ ಸಂಸ್ಥೆ ಇನ್ನೊಂದು ಸರ್ಕಾರಿ ಕಚೇರಿಯಾಗುತ್ತದೆ. ಮೂವರೂ ಇದ್ದಾಗ ಯಾವ ಒಂದು ಬಣಕ್ಕೂ ತಾನೊಂದೇ ಗೆಲ್ಲಲು ಆಗದು, ಮತ್ತೊಂದು ಬಣವನ್ನು ಒಪ್ಪಿಸಲೇಬೇಕು. ನೆಲ ಮಾರುವುದು, ಮರುಮಾರಾಟದ ಸೂತ್ರ ತಿದ್ದುವುದು ಮುಂತಾದವಕ್ಕೆ ಸಾದಾ ಬಹುಮತ ಸಾಲದೆಂದು ಬೈಲಾದಲ್ಲೇ ಬರೆದಿಡುವ ರೂಢಿ ಈ ಟ್ರಸ್ಟ್‌ಗಳಲ್ಲಿದೆ.

ಹೀಗೆ ನೋಡಿದರೆ ಮಂಡಳಿ ಕಾಯುವುದು ಸಭೆಗೆ ಬರಲಾಗದ ಒಬ್ಬರನ್ನು. ಇನ್ನು ಹದಿನೈದು ವರ್ಷಕ್ಕೆ ಮನೆ ಹುಡುಕಿಕೊಂಡು ಬರುವ ದಾದಿಯೋ, ಬಸ್ ಚಾಲಕನೋ ಇಂದು ಮತ ಹಾಕಲಾರರು. ಆದರೆ ಅವರು ಕೊಡಬೇಕಾದ ಬೆಲೆ ಇಂದೇ ನಿಶ್ಚಯವಾಗುತ್ತಿರುತ್ತದೆ.

ಸಂಬಳವಿಲ್ಲ, ಹೊಣೆ ಇದೆ

ದಿನನಿತ್ಯದ ಕೆಲಸಕ್ಕೆ ಸಂಬಳದ ಸಿಬ್ಬಂದಿ ಇದ್ದಾರೆ. ಅರ್ಜಿದಾರರಿಗೆ ಸಾಲದ ತಿಳಿವಳಿಕೆ ಕೊಡುವುದು, ಮನೆ ರಿಪೇರಿಯ ಮೇಲ್ವಿಚಾರಣೆ, ಬಾಡಿಗೆ ವಸೂಲಿ ಅವರದು. ಮಂಡಳಿಯ ಕೆಲಸವೇ ಬೇರೆ: ಮುಖ್ಯ ಕಾರ್ಯನಿರ್ವಾಹಕರ ನೇಮಕ, ಬಜೆಟ್ಟಿಗೆ ಒಪ್ಪಿಗೆ, ಲೆಕ್ಕಪರಿಶೋಧನೆಯ ವರದಿ ಓದುವುದು, ಯಾವ ಜಾಗ ಕೊಳ್ಳಬೇಕು, ಎಷ್ಟು ಸಾಲ ಮಾಡಬೇಕು ಎಂದು ತೀರ್ಮಾನಿಸುವುದು.

ಪುಕ್ಕಟೆ ಕೆಲಸ ಎಂದು ಕಾನೂನು ಅವರನ್ನು ಸಲೀಸಾಗಿ ಬಿಡುವುದಿಲ್ಲ. ಅಮೆರಿಕದ ಲಾಭರಹಿತ ಸಂಸ್ಥೆಯ ನಿರ್ದೇಶಕರಿಗೆ ಮೂರು ಕರ್ತವ್ಯಗಳಿವೆ: ಎಚ್ಚರದಿಂದ ನಿರ್ಧರಿಸುವುದು, ಸ್ವಂತ ಲಾಭಕ್ಕಿಂತ ಸಂಸ್ಥೆಯ ಹಿತ ನೋಡುವುದು, ಸಂಸ್ಥೆಯ ಉದ್ದೇಶ ಮೀರದಿರುವುದು. ನಿರ್ದೇಶಕನ ಸ್ವಂತ ಮನೆಯ ವಿಷಯ ಚರ್ಚೆಗೆ ಬಂದರೆ ಆತ ಹೇಳಿಕೊಂಡು ಹೊರಗುಳಿಯಬೇಕು. ಪ್ರತಿ ವರ್ಷ ತೆರಿಗೆ ಇಲಾಖೆಗೆ ಸಲ್ಲಿಸುವ ವಿವರಪಟ್ಟಿಯಲ್ಲಿ ಒಬ್ಬೊಬ್ಬ ನಿರ್ದೇಶಕರ ಹೆಸರು, ವಾರಕ್ಕೆ ಕೊಟ್ಟ ಗಂಟೆ, ಪಡೆದ ಸಂಭಾವನೆ ನಮೂದಾಗುತ್ತವೆ. ಸ್ವಯಂಸೇವಕರ ಎದುರಿಗೆ ಸೊನ್ನೆ ಇರುತ್ತದೆ. ಆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು.

ಇಷ್ಟು ಕಾದದ್ದಕ್ಕೆ ಫಲವೇನು? ಅಮೆರಿಕದ ಗೃಹಸಾಲ ವ್ಯವಸ್ಥೆ ಕುಸಿದು ಬಿದ್ದ ಕಾಲದ ಅಂಕಿ ನೋಡಬೇಕು. 2010ರ ಕೊನೆಗೆ ಪೇಟೆಯ ಗೃಹಸಾಲಗಳಲ್ಲಿ ಶೇ 4.63ರಷ್ಟು ಜಪ್ತಿಯ ಪ್ರಕ್ರಿಯೆಯಲ್ಲಿದ್ದವು. ಭೂ ಟ್ರಸ್ಟ್‌ಗಳ ಮನೆಗಳಲ್ಲಿ ಅದು ಶೇ 0.46. ಕೊಂಡವರ ವರಮಾನ ಕಡಿಮೆಯಿದ್ದರೂ ಹೀಗೆ. ಮೋಸದ ಸಾಲಗಳಿಗೆ ಟ್ರಸ್ಟ್ ಒಪ್ಪಿಗೆ ಕೊಡುವುದಿಲ್ಲ, ಕಂತು ತಪ್ಪಿದರೆ ನಡುವೆ ಬಂದು ಬ್ಯಾಂಕಿನ ಜೊತೆ ಮಾತಾಡುತ್ತದೆ. ಮಾರಿದ ಮೇಲೂ ಕೈಬಿಡದ ನೆಲದೊಡೆಯ ಇರುವುದರ ಗುಣ ಅದು.

ಜಾರ್ಜಿಯದ ಹೊಲ, ಇಲವಾಲದ ಸಭೆ

ಸಮುದಾಯ ಭೂ ಟ್ರಸ್ಟ್‌ನ ವಿಚಾರ ಹುಟ್ಟಿದ್ದು ನಗರದಲ್ಲಲ್ಲ. 1960ರ ದಶಕದ ಜಾರ್ಜಿಯ ರಾಜ್ಯದಲ್ಲಿ, ಮತದಾರರ ಪಟ್ಟಿಗೆ ಹೆಸರು ಬರೆಸಿದ ತಪ್ಪಿಗೆ ಕಪ್ಪು ಗೇಣಿದಾರರನ್ನು ಭೂಮಾಲೀಕರು ಹೊಲದಿಂದಲೇ ಓಡಿಸುತ್ತಿದ್ದರು. ಕಾಲಕೆಳಗೆ ಸ್ವಂತ ನೆಲವಿಲ್ಲದೆ ಹಕ್ಕಿನ ಮಾತು ನಿಲ್ಲುವುದಿಲ್ಲ ಎಂದು ಆಲ್ಬನಿ ಊರಿನ ಸ್ಲೇಟರ್ ಕಿಂಗ್, ಚಾರ್ಲ್ಸ್ ಶೆರಾಡ್ ಮೊದಲಾದ ಹೋರಾಟಗಾರರಿಗೆ ಅನ್ನಿಸಿತು. ನೆಲದ ಒಡೆತನದ ಬಗ್ಗೆ ಚಿಂತಿಸುತ್ತಿದ್ದ ಬಾಬ್ ಸ್ವಾನ್ ಎಂಬವರು ಅವರ ಜೊತೆ ಸೇರಿದರು. 1968ರಲ್ಲಿ ಈ ತಂಡ ಇಸ್ರೇಲಿಗೆ ಹೋಗಿ ಅಲ್ಲಿನ ಗುತ್ತಿಗೆ ನೆಲದ ಹಳ್ಳಿಗಳನ್ನು ನೋಡಿ ಬಂತು. 1969ರಲ್ಲಿ ‘ನ್ಯೂ ಕಮ್ಯುನಿಟೀಸ್’ ಹೆಸರಿನ ಸಂಸ್ಥೆ ಕಟ್ಟಿ, ಲೀ ಕೌಂಟಿಯಲ್ಲಿ 5,000 ಎಕರೆಗೂ ಮಿಕ್ಕಿದ ಜಮೀನು ಕೊಂಡಿತು. ಮೊದಲ ಸಮುದಾಯ ಭೂ ಟ್ರಸ್ಟ್ ಎಂದು ಹೆಸರಾದದ್ದು ಇದು.

ಸ್ವಾನ್‌ರ ಚಿಂತನೆಗೆ ಇನ್ನೊಂದು ಸೆಲೆ ನಮ್ಮ ನಾಡಿನದು: ವಿನೋಬಾ ಭಾವೆಯವರ ಗ್ರಾಮದಾನ. 1951ರಲ್ಲಿ ತೆಲಂಗಾಣದ ಪೋಚಂಪಳ್ಳಿಯಲ್ಲಿ ಶುರುವಾದ ಭೂದಾನದಲ್ಲಿ ಭೂಮಿ ಒಬ್ಬೊಬ್ಬರ ಹೆಸರಿಗೆ ಹಂಚಿಕೆಯಾಗುತ್ತಿತ್ತು. ಕಷ್ಟ ಬಂದಾಗ ಅದು ಸಾಲ ಕೊಟ್ಟವನ ಪಾಲಾಗುವ ಭಯ ಇದ್ದೇ ಇತ್ತು. ಗ್ರಾಮದಾನದಲ್ಲಿ ಒಡೆತನ ಇಡೀ ಊರಿನದು, ಉಳುವ ಹಕ್ಕು ಕುಟುಂಬದ್ದು. ಈ ಚಳವಳಿಗೆ ದೇಶದ ಬೆಂಬಲ ಸಿಕ್ಕ ದೊಡ್ಡ ಸಭೆ ನಡೆದದ್ದು 1957ರ ಸೆಪ್ಟೆಂಬರ್‌ನಲ್ಲಿ, ಮೈಸೂರು ಪಕ್ಕದ ಇಲವಾಲದಲ್ಲಿ. ವಿನೋಬಾ ಇದ್ದ ಆ ಸಭೆಗೆ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್, ಪ್ರಧಾನಿ ನೆಹರು ಬಂದಿದ್ದರು. ಅದೇ ಇಲವಾಲ ಇಂದು ಹುಣಸೂರು ರಸ್ತೆಯ ಲೇಔಟುಗಳ ಊರಾಗಿದೆ.

ಅತ್ತ ಜಾರ್ಜಿಯದಲ್ಲಿ ನ್ಯೂ ಕಮ್ಯುನಿಟೀಸ್ ಬರಕ್ಕೆ ಸಿಕ್ಕಿತು. ಸರ್ಕಾರಿ ಕೃಷಿ ಸಾಲದಲ್ಲಿ ಕಪ್ಪು ರೈತರಿಗೆ ಆಗುತ್ತಿದ್ದ ಭೇದಭಾವವೂ ಸೇರಿ 1985ರಲ್ಲಿ ಜಮೀನು ಕೈತಪ್ಪಿತು. 2009ರಲ್ಲಿ ಆ ಅನ್ಯಾಯಕ್ಕೆ ಸುಮಾರು 1.2 ಕೋಟಿ ಡಾಲರ್ ಪರಿಹಾರ ಸಿಕ್ಕಿ, ಸಂಸ್ಥೆ ಮತ್ತೆ ಭೂಮಿ ಕೊಂಡಿತು. ಅಷ್ಟರಲ್ಲಿ ಅದರ ಮಾದರಿ ಹೊಲ ಬಿಟ್ಟು ನಗರಗಳಿಗೆ ಬಂದಾಗಿತ್ತು.

ಕುರ್ಚಿಗಾಗಿ ನಡೆದ ಜಗಳ

ಕುರ್ಚಿಗಳ ಲೆಕ್ಕ ಎಷ್ಟು ಮುಖ್ಯ ಎಂಬುದು ಬೋಸ್ಟನ್ನಿನ ರಾಕ್ಸ್‌ಬರಿಯಲ್ಲಿ ಚೆನ್ನಾಗಿ ಗೊತ್ತಾಯಿತು. ಬೆಂಕಿ ಇಟ್ಟು ವಿಮೆ ಹಣ ಹೊಡೆಯುವವರಿಂದ, ಕಸ ತಂದು ಸುರಿಯುವವರಿಂದ ಹಾಳುಬಿದ್ದಿದ್ದ ಡಡ್ಲಿ ಬೀದಿಯ ಸುತ್ತ ನೂರಾರು ಖಾಲಿ ನಿವೇಶನಗಳಿದ್ದವು. 1980ರ ದಶಕದ ನಡುವೆ ಒಂದು ದಾನಿ ಪ್ರತಿಷ್ಠಾನದ ನೆರವಿನಿಂದ, ಬಡಾವಣೆಯನ್ನು ಮತ್ತೆ ಎತ್ತಿ ನಿಲ್ಲಿಸಲು ಒಂದು ಸಂಘ ಕಟ್ಟುವ ಯೋಜನೆ ಬಂತು. ಮಂಡಳಿಯ ಕರಡು ಪಟ್ಟಿ ಓದಿದಾಗ ಅದರಲ್ಲಿ ಸಂಸ್ಥೆಗಳ ಪ್ರತಿನಿಧಿಗಳೇ ತುಂಬಿದ್ದರು, ಅಲ್ಲಿ ವಾಸವಿರುವವರು ಬೆರಳೆಣಿಕೆಯಷ್ಟು. ಸಭೆಯಲ್ಲೇ ಜನ ಎದ್ದು ತಕರಾರು ತೆಗೆದರು. ಯೋಜನೆ ತಂದವರು ಪಟ್ಟಿಯನ್ನು ಹಿಂದಕ್ಕೆ ತೆಗೆದುಕೊಂಡರು. ನಿವಾಸಿಗಳಿಗೇ ಬಹುಮತ, ಕಪ್ಪು, ಲ್ಯಾಟಿನೊ, ಕೇಪ್ ವರ್ಡಿಯನ್, ಬಿಳಿ ಸಮುದಾಯಗಳಿಗೆ ಸಮ ಸ್ಥಾನ ಎಂದು ತಿದ್ದುಪಡಿಯಾಯಿತು.

ಆ ತಿದ್ದುಪಡಿಯ ಬಲ 1988ರಲ್ಲಿ ಕಂಡಿತು. ಬಡಾವಣೆಯ ಒಂದು ಭಾಗದ ಖಾಲಿ ಜಾಗಗಳನ್ನು ಸ್ವಾಧೀನಪಡಿಸಿಕೊಳ್ಳುವ ಅಧಿಕಾರವನ್ನು ಬೋಸ್ಟನ್ ನಗರ ಈ ಸಂಘಕ್ಕೇ ಕೊಟ್ಟಿತು. ಅಮೆರಿಕದಲ್ಲಿ ನಾಗರಿಕರ ಗುಂಪೊಂದಕ್ಕೆ ಇಂಥ ಅಧಿಕಾರ ಸಿಕ್ಕಿದ್ದು ಅದೇ ಮೊದಲು. ಹಾಗೆ ಕೂಡಿಸಿದ ನೆಲವನ್ನು ಸಂಘ ತನ್ನದೇ ಭೂ ಟ್ರಸ್ಟ್‌ಗೆ ವಹಿಸಿತು.

ಕಷ್ಟಗಳೂ ಇವೆ

ಮಾದರಿಗೆ ಟೀಕೆ ಇಲ್ಲದಿಲ್ಲ. ಉಳ್ಳವರು ಮನೆಯ ಬೆಲೆ ಏರಿ ಪೂರ್ತಿ ಲಾಭ ಎಣಿಸುವಾಗ, ಇಲ್ಲದವರು ಮಾತ್ರ ನಾಲ್ಕನೇ ಒಂದು ಪಾಲಿಗೆ ತೃಪ್ತರಾಗಬೇಕೆ ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಬಾಡಿಗೆ ಮನೆಗೆ ಹೋಲಿಸಿದರೆ ಇದು ಲಾಭ, ಪೇಟೆ ಮನೆಗೆ ಹೋಲಿಸಿದರೆ ಕಡಿಮೆ ಎಂದಷ್ಟೇ ಟ್ರಸ್ಟ್‌ನವರು ಹೇಳಬಲ್ಲರು. ನಿವಾಸಿಗಳ ಕುರ್ಚಿ ತುಂಬುವುದೂ ಕಷ್ಟ. ಎರಡು ಪಾಳಿ ದುಡಿದು ಬಂದ ತಾಯಿ ಸಂಜೆಯ ಸಭೆಗೆ ಬಂದು ಕೂರಬೇಕಾದರೆ ಮಗುವನ್ನು ನೋಡಿಕೊಳ್ಳಲು ಯಾರಾದರೂ ಬೇಕು. ಬಜೆಟ್ಟಿನ ಭಾಷೆಯನ್ನು ಯಾರಾದರೂ ಬಿಡಿಸಿ ಹೇಳಬೇಕು. ಸಂಸ್ಥೆ ದೊಡ್ಡದಾದಷ್ಟೂ ಲೆಕ್ಕ ಬಲ್ಲವರ ದನಿ ಏರಿ, ಉಳಿದವರದು ಕುಗ್ಗುವ ಅಪಾಯವಿದೆ.

ಕರ್ನಾಟಕದ ಓದುಗರಿಗೆ ಗೃಹ ನಿರ್ಮಾಣ ಸಹಕಾರ ಸಂಘಗಳು ಹೊಸವಲ್ಲ. ಅಲ್ಲೂ ಆಡಳಿತ ಮಂಡಳಿಯಿದೆ, ಚುನಾವಣೆಯಿದೆ, ಸರ್ವಸದಸ್ಯರ ಸಭೆಯಿದೆ. ಆದರೆ ಮತ ಇರುವುದು ಒಳಗೆ ಬಂದವರಿಗೆ ಮಾತ್ರ. ಸೈಟು ನೋಂದಣಿಯಾಗಿ ಷರತ್ತಿನ ಅವಧಿ ಮುಗಿದ ಮೇಲೆ ಅದು ಪೇಟೆಯ ಸರಕು. ಸದಸ್ಯರಿಗೆ ಅಗ್ಗವಾಗಿ ಸಿಕ್ಕಿದ್ದು ಅವರ ನಂತರದವರಿಗೆ ಅಗ್ಗವಲ್ಲ. ಒಳ್ಳೆಯ ನಿರ್ದೇಶಕರು ಬಂದರೂ ಇದನ್ನು ತಡೆಯಲಾರರು, ಏಕೆಂದರೆ ಅವರನ್ನು ಆರಿಸಿದವರಾರೂ ಅದನ್ನು ಕೇಳಿಲ್ಲ. ಬರ್ಲಿಂಗ್ಟನ್ನಿನವರು ಮನುಷ್ಯರ ಒಳ್ಳೆಯತನವನ್ನು ನಂಬಿ ಕೂರಲಿಲ್ಲ. ಮನೆ ಸಿಕ್ಕವರ ಎದುರಿಗೆ ಸಿಗದವರನ್ನೂ ಕೂರಿಸಿ, ಇಬ್ಬರಿಗೂ ಸಮಾನ ಮತ ಕೊಟ್ಟರು. ನಮ್ಮಲ್ಲಿ ಮುಂದೆ ಯಾರಾದರೂ ಮನೆಗಳ ಸಂಘ ಕಟ್ಟುವುದಾದರೆ ಬೈಲಾ ಬರೆಯುವ ಹೊತ್ತಿನಲ್ಲೇ ಕೇಳಬೇಕಾದ ಪ್ರಶ್ನೆ ಇದು: ಇನ್ನೂ ಸದಸ್ಯರಾಗದವರ ಪರವಾಗಿ ಮಂಡಳಿಯಲ್ಲಿ ಕೈ ಎತ್ತುವವರು ಯಾರು?